ಬಿಸಿಲ ನಾಡಿನ ಚಾವಣಿ ಲೆಕ್ಕ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಕೆಲಸ ಮುಗಿಯುತ್ತದೆ. ಕೊಪ್ಪಳವೂ ಆ ಪಟ್ಟಿಯಲ್ಲಿದೆ. ಬಿಸಿಲು ಏರುವ ಮೊದಲೇ ನೌಕರರು ಮನೆ ಸೇರಲಿ ಎಂಬುದು ಆದೇಶದ ಆಶಯ. ಆದರೆ ಮನೆ ಕಾಯತೊಡಗುವುದೇ ಆ ಹೊತ್ತಿನ ನಂತರ. ಕಾಂಕ್ರೀಟ್ ಸ್ಲ್ಯಾಬ್ ಕೆಳಗೆ ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ಯಾನ್ ಹಾಕಿದರೆ ಅದು ಮೇಲಿನ ಬಿಸಿಯನ್ನೇ ಕೆಳಗೆ ತಳ್ಳುತ್ತದೆ. ಪತ್ರಾಸಿನ, ಅಂದರೆ ತಗಡಿನ ಚಾವಣಿಯ ಮನೆಯಾದರಂತೂ ಹಗಲು ಒಳಗೆ ಮಗುವನ್ನು ಮಲಗಿಸುವಂತಿಲ್ಲ.

ಕುಕನೂರು ತಾಲ್ಲೂಕಿನ ತಳಕಲ್ ರೈಲಿನವರಿಗೆ ಗೊತ್ತಿರುವ ಊರು. ಗದಗ–ಹೊಸಪೇಟೆ ಮಾರ್ಗದಿಂದ ಗದಗ–ವಾಡಿ ಹೊಸ ಮಾರ್ಗ ಕವಲೊಡೆಯುವುದು ಇಲ್ಲೇ. 2025ರ ಮೇ ತಿಂಗಳಲ್ಲಿ ಕುಷ್ಟಗಿವರೆಗೆ ರೈಲು ಓಡಿತು. ಊರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಇದೆ. ತಳಕಲ್‌ನಿಂದ ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿ ಕಡೆ ಹೋಗುವ ಈ ಸೀಮೆಯ ಊರುಗಳಲ್ಲಿ ಒಂದೇ ಓಣಿಯಲ್ಲಿ ಮೂರು ಬಗೆಯ ಚಾವಣಿ ಕಾಣಸಿಗುತ್ತದೆ: ಮಣ್ಣಿನ ಮಾಳಿಗೆ, ಪತ್ರಾಸ್, ಸ್ಲ್ಯಾಬ್. ಒಂದು ಕುಟುಂಬದ ಮೂರು ತಲೆಮಾರಿನ ಚರಿತ್ರೆ ಆ ಮೂರರಲ್ಲಿದೆ. ಶಾಖನಿರೋಧಕ ಸಾಮಗ್ರಿಗಳಿಗೆ, ಅದರಲ್ಲೂ ಹವೆಗೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಸಾಮಗ್ರಿಗಳಿಗೆ ಈಗ ಜಗತ್ತಿನೆಲ್ಲೆಡೆ ಬೇಡಿಕೆ ಏರುತ್ತಿದೆ. ಆ ಬೇಡಿಕೆಯ ಅರ್ಥವನ್ನು ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಹುಡುಕುವುದಕ್ಕಿಂತ ಈ ಓಣಿಯಲ್ಲಿ ಹುಡುಕುವುದು ಮೇಲು. ಬಿಸಿಲಿನ ನಿಜವಾದ ಪೆಟ್ಟು ಬೀಳುವುದು ಇಲ್ಲಿ.

ಮೊದಲು ಮಾಳಿಗೆ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತೊತ್ತಾಗಿ ಸೀಳಿದ ಕಟ್ಟಿಗೆ. ಅದರ ಮೇಲೆ ಬೇವಿನ ತಪ್ಪಲೋ ಅಂಥದೇ ಇನ್ನೊಂದು ಸೊಪ್ಪೋ ಹಾಸಿ, ಹದಗೊಳಿಸಿದ ಮಣ್ಣನ್ನು ಗೇಣುದ್ದಕ್ಕಿಂತ ದಪ್ಪ ಹೇರಿ ಬಡಿದು ಕೂರಿಸುತ್ತಾರೆ. ಮಳೆಗಾಲದ ಮುಂಚೆ ಮೇಲ್ಪದರಕ್ಕೆ ಸವಳು ಮಣ್ಣು ಬೀಳುತ್ತದೆ. ಬೆಳೆಗೆ ಬಾರದ ಆ ಉಪ್ಪು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದೊಡನೆ ಅದರ ಜೇಡಿ ಕಣಗಳು ಉಬ್ಬಿ, ಬಿಡಿಬಿಡಿಯಾಗಿ ಹರಡಿ, ಮಣ್ಣಿನ ಸೂಕ್ಷ್ಮ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗಗೊಡದ ದೋಷವೇ ಮಾಳಿಗೆಯ ಮೇಲೆ ಗುಣವಾಗುತ್ತದೆ. ಮಳೆ ಬಂದಾಗ ಬಿಗಿದುಕೊಂಡು, ಒಣಗಿದಾಗ ಸಡಿಲಾಗುವ ಈ ಪದರವನ್ನು ಹವೆಗೆ ಹೊಂದಿಕೊಳ್ಳುವ ವಸ್ತು ಎನ್ನದೆ ಬೇರೇನೆಂದು ಕರೆಯುವುದು?

ಶಾಖದ ವಿಷಯದಲ್ಲಿ ಮಾಳಿಗೆಯ ಬಲ ಇರುವುದು ಅದರ ದಪ್ಪ ಮತ್ತು ತೂಕದಲ್ಲಿ. ನಡುಮಧ್ಯಾಹ್ನ ಮೇಲ್ಮೈಗೆ ತಾಗಿದ ಬಿಸಿಲು 30 ಸೆಂಟಿಮೀಟರ್ ಮಣ್ಣನ್ನು ದಾಟಿ ಒಳಮೈಗೆ ಬರಲು ಸುಮಾರು ಹತ್ತು ತಾಸು ಹಿಡಿಯುತ್ತದೆ. ಬರುವಷ್ಟರಲ್ಲಿ ಹಗಲು–ರಾತ್ರಿಯ ಏರಿಳಿತದ ಹತ್ತನೇ ಒಂದು ಪಾಲೂ ಉಳಿದಿರುವುದಿಲ್ಲ. ಹತ್ತು ಸೆಂಟಿಮೀಟರಿನ ಕಾಂಕ್ರೀಟ್ ಸ್ಲ್ಯಾಬಿನಲ್ಲಿ ಅದೇ ಬಿಸಿ ಎರಡೂವರೆ, ಮೂರು ತಾಸಿನೊಳಗೆ ಕೆಳಗಿಳಿಯುತ್ತದೆ. ಏರಿಳಿತದ ಅರ್ಧದಷ್ಟನ್ನು ಹೊತ್ತುಕೊಂಡೇ ಇಳಿಯುತ್ತದೆ. ಶಾಖ ಹರಿಯುವ ಸರಳ ಸೂತ್ರಕ್ಕೆ ಮಣ್ಣು, ಕಾಂಕ್ರೀಟಿನ ಗುಣಗಳನ್ನು ಹಾಕಿ ನೋಡಿದರೆ ಸಿಗುವ ಉತ್ತರವಿದು. ಮಾಳಿಗೆಯ ಕೆಳಗೆ ಬಿಸಿ ತಲುಪುವ ಹೊತ್ತಿಗೆ ಮನೆಮಂದಿ ಕಟ್ಟೆಯ ಮೇಲೋ ಮಾಳಿಗೆಯ ಮೇಲೋ ಹಾಸಿಕೊಂಡು ಮಲಗಿರುತ್ತಿದ್ದರು. ಚಾವಣಿಯೂ ದಿನಚರಿಯೂ ಒಂದಕ್ಕೊಂದು ಹೊಂದಿಕೊಂಡಿದ್ದವು.

ಹಾಗೆಂದು ಮಾಳಿಗೆಗೆ ಮರಳಿ ಎಂದು ಹೇಳುವ ಧೈರ್ಯ ನನಗಿಲ್ಲ, ಮನಸ್ಸೂ ಇಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಮಲಗಿದ್ದವರ ಮೇಲೆಯೇ ಮಾಳಿಗೆ ಬಿತ್ತು. ಅದಾದ ಮೇಲೂ ಜೋರು ಮಳೆ ಹಿಡಿದ ವರ್ಷಗಳಲ್ಲಿ ಇಂಥ ಸುದ್ದಿ ತಪ್ಪಿಲ್ಲ. ವರ್ಷವರ್ಷ ಮಣ್ಣು ಹೊರಬೇಕು, ಸೋರಿದಲ್ಲಿ ತುಳಿದು ಮುಚ್ಚಬೇಕು, ತೊಲೆಗೆ ಗೆದ್ದಲು ಹಿಡಿದಿದೆಯೇ ನೋಡಬೇಕು. ದುಡಿಯಲು ಗುಳೆ ಹೋಗುವ ಮನೆಗೆ ಇದನ್ನೆಲ್ಲ ಮಾಡುವವರು ಯಾರು? ಒಳ್ಳೆಯ ತೊಲೆ ಎಲ್ಲಿ ಸಿಗುತ್ತದೆ? ಸ್ಲ್ಯಾಬ್ ಹಾಕಿಸುವುದು ಈ ಜನಕ್ಕೆ ಅಂತಸ್ತಿನ ಪ್ರಶ್ನೆ ಮಾತ್ರ ಅಲ್ಲ, ಮಳೆಗಾಲದ ರಾತ್ರಿ ನಿಶ್ಚಿಂತೆಯಿಂದ ನಿದ್ದೆ ಮಾಡುವ ಪ್ರಶ್ನೆ. ಅವರ ಆಯ್ಕೆ ಸರಿಯಾಗಿದೆ. ತಪ್ಪಿರುವುದು ಸ್ಲ್ಯಾಬನ್ನು ಬರಿಮೈಯಲ್ಲಿ ಬಿಸಿಲಿಗೆ ಬಿಟ್ಟಿರುವುದರಲ್ಲಿ. ಮಾಳಿಗೆ ಮಾಡುತ್ತಿದ್ದ ಎರಡು ಕೆಲಸಗಳಲ್ಲಿ ಮಳೆ ತಡೆಯುವುದನ್ನು ಕಾಂಕ್ರೀಟಿಗೆ ವಹಿಸಿದೆವು. ಬಿಸಿಲು ತಡೆಯುವುದನ್ನು ಯಾರಿಗೂ ವಹಿಸಲಿಲ್ಲ.

ಆ ಖಾಲಿ ಜಾಗವನ್ನೇ ಈಗ ಮಾರುಕಟ್ಟೆ ತುಂಬಲು ಹೊರಟಿದೆ. ಥರ್ಮೋಕೋಲ್ ಹಲಗೆ, ಪಫ್ ಪ್ಯಾನೆಲ್, ಬಿಸಿಲು ಪ್ರತಿಫಲಿಸುವ ಬಣ್ಣ, ಹಗುರ ಬ್ಲಾಕ್ ಈಗ ಜಿಲ್ಲಾ ಕೇಂದ್ರಗಳ ಅಂಗಡಿಗಳಲ್ಲೂ ಕೇಳಿಬರುವ ಹೆಸರುಗಳು. ಅದರಾಚೆಗೆ ಇರುವುದು ಹೊಂದಿಕೊಳ್ಳುವ ಸಾಮಗ್ರಿಗಳ ಲೋಕ. ಅವುಗಳಲ್ಲಿ ಮುಖ್ಯವಾದದ್ದು ಫೇಸ್ ಚೇಂಜ್ ಮೆಟೀರಿಯಲ್, ಅಂದರೆ ಒಂದು ನಿಗದಿತ ಉಷ್ಣಾಂಶದಲ್ಲಿ ಕರಗಿ, ಮತ್ತೆ ಗಟ್ಟಿಯಾಗುವ ಮೇಣ ಅಥವಾ ಲವಣ. ಕರಗುವಾಗ ಅದು ಸುತ್ತಲಿನ ಶಾಖವನ್ನು ನುಂಗುತ್ತದೆ, ತನ್ನ ಬಿಸಿಯನ್ನು ಏರಿಸಿಕೊಳ್ಳುವುದಿಲ್ಲ. ಗಟ್ಟಿಯಾಗುವಾಗ ನುಂಗಿದ್ದನ್ನು ಬಿಟ್ಟುಕೊಡುತ್ತದೆ. ಒಂದು ಕಿಲೋ ಪ್ಯಾರಾಫಿನ್ ಮೇಣ ಹೀಗೆ ಸುಮಾರು 200 ಕಿಲೋಜೂಲ್ ಶಾಖವನ್ನು ಹಿಡಿದಿಡಬಲ್ಲದು. ಅಷ್ಟೇ ಶಾಖವನ್ನು ಹೀರಿದರೆ ಒಂದು ಕಿಲೋ ಕಾಂಕ್ರೀಟು ಇನ್ನೂರು ಡಿಗ್ರಿಗೂ ಹೆಚ್ಚು ಬಿಸಿಯೇರಬೇಕಾಗುತ್ತದೆ.

1948ರಲ್ಲಿ ಹಂಗೇರಿ ಮೂಲದ ವಿಜ್ಞಾನಿ ಮಾರಿಯಾ ಟೆಲ್ಕೆಸ್ ಅಮೆರಿಕದ ಡೋವರ್ ಎಂಬ ಊರಿನಲ್ಲಿ ಒಂದು ಮನೆಯನ್ನು ಈ ತತ್ತ್ವದಿಂದಲೇ ಬೆಚ್ಚಗಿಟ್ಟರು. ಡ್ರಮ್ಮುಗಳಲ್ಲಿ ತುಂಬಿದ ಗ್ಲಾಬರ್ ಲವಣ ಹಗಲಿನ ಬಿಸಿಲನ್ನು ನುಂಗಿ ರಾತ್ರಿ ಮನೆಗೆ ಕೊಡುತ್ತಿತ್ತು. ಕೆಲವು ಚಳಿಗಾಲ ಕಳೆಯುವಷ್ಟರಲ್ಲಿ ಲವಣ ಪದರಪದರವಾಗಿ ಬೇರ್ಪಟ್ಟು ವ್ಯವಸ್ಥೆ ಕೆಟ್ಟುನಿಂತಿತು. ಸಾವಿರ ಸಲ ಕರಗಿ ಸಾವಿರ ಸಲ ಗಟ್ಟಿಯಾದರೂ ಕೆಡದಿರುವುದು ಇಂದಿಗೂ ಈ ಸಾಮಗ್ರಿಗಳ ಮುಂದಿರುವ ದೊಡ್ಡ ಪರೀಕ್ಷೆ. 1980ರ ದಶಕದಲ್ಲಿ ನಾಸಾದ ನೆರವಿನಿಂದ ನಡೆದ ಸಂಶೋಧನೆ ಇದೇ ಮೇಣವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಲ್ಲಿ ಮುಚ್ಚಿ ಬಟ್ಟೆಗೆ ಸೇರಿಸುವ ದಾರಿ ತೋರಿಸಿತು. ಗಗನಯಾತ್ರಿಗಳ ಕೈಗವಸಿಗೆಂದು ಹುಟ್ಟಿದ ಯೋಚನೆ ಮುಂದೆ ಜಾಕೆಟ್, ಹಾಸಿಗೆ, ಕಾಲುಚೀಲಗಳಿಗೂ ಬಂತು.

ಕರ್ನಾಟಕಕ್ಕೆ ಈ ತಂತ್ರ ಬಂದ ಬಗೆ ನನಗೆ ಬಹಳ ಇಷ್ಟ. ಅದು ಬಂದದ್ದು ದುಬಾರಿ ಉಡುಪಾಗಿ ಅಲ್ಲ, ತೂಕ ಕಡಿಮೆಯಿರುವ ಹಸುಗೂಸುಗಳ ಹೊದಿಕೆಯಾಗಿ. 2007ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತರಗತಿಯೊಂದರಲ್ಲಿ ಹುಟ್ಟಿದ ‘ಎಂಬ್ರೇಸ್’ ಯೋಜನೆಯ ತಂಡ ಬೆಂಗಳೂರಿಗೆ ಬಂದು ನೆಲೆಯೂರಿ ಅದನ್ನು ರೂಪಿಸಿತು. ನೋಡಲು ಮಗುವಿನ ಮಲಗುವ ಚೀಲ. ಅದರ ಬೆನ್ನಿನ ಕಡೆ ಮೇಣದಂಥ ವಸ್ತು ತುಂಬಿದ ಒಂದು ಪೊಟ್ಟಣ. ಪೊಟ್ಟಣವನ್ನು ಒಮ್ಮೆ ಬಿಸಿಮಾಡಿ ಇಟ್ಟರೆ ಕೆಲವು ತಾಸು 37 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಮಗು ತಣ್ಣಗಾದರೆ ಶಾಖ ಕೊಡುತ್ತದೆ, ಬಿಸಿ ಹೆಚ್ಚಾದರೆ ತೆಗೆದುಕೊಳ್ಳುತ್ತದೆ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಜೀವ ಉಳಿಸುವಂಥ ಗುಣ ಇದು.

ಉಡುಪಿನ ಮಾತು ಬಂದಾಗ ಕಂಬಳಿಯನ್ನು ಬಿಟ್ಟು ಮುಂದೆ ಹೋಗಲಾಗದು. ಕುಷ್ಟಗಿ, ಯಲಬುರ್ಗಾ ಸೀಮೆಯ ಕುರಿಗಾಹಿ ಚಳಿಯಲ್ಲೂ ಮಳೆಯಲ್ಲೂ ಸುಡುಬಿಸಿಲಲ್ಲೂ ಹೆಗಲಿಗೆ ಹಾಕುವುದು ಒಂದೇ ಕರಿ ಕಂಬಳಿ. ಮಳೆ ಬಂದರೆ ಅದನ್ನೇ ಮಡಚಿ ಕೊಪ್ಪೆ ಹಾಕಿಕೊಳ್ಳುತ್ತಾನೆ, ರಾತ್ರಿ ಅದೇ ಹಾಸಿಗೆ, ಮಧ್ಯಾಹ್ನ ಅದೇ ತಲೆಯ ನೆರಳು. ದಖನಿ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ. ಹುಣಸೆ ಬೀಜದ ಗಂಜಿ ತಿನ್ನಿಸಿದ ನೂಲನ್ನು ಕುಣಿಮಗ್ಗದಲ್ಲಿ ಕಿರಿದಾದ ಪಟ್ಟಿಗಳಾಗಿ ನೇಯ್ದು, ಪಟ್ಟಿಗಳನ್ನು ಸೇರಿಸಿ ಹೊಲಿಯುತ್ತಾರೆ. ಉಣ್ಣೆಯ ಎಳೆ ಸುರುಳಿಯಾಗಿರುವುದರಿಂದ ಎಳೆಗಳ ನಡುವೆ ಗಾಳಿ ಸೆರೆಯಾಗುತ್ತದೆ. ಶಾಖವನ್ನು ತಡೆಯುವುದು ನಿಜವಾಗಿ ಆ ನಿಂತ ಗಾಳಿ. ಇನ್ನೊಂದು ಗುಣ ಅದಕ್ಕಿಂತ ವಿಶೇಷ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಒಳಗೆಳೆದುಕೊಂಡೂ ಕೈಗೆ ಒದ್ದೆ ಎನಿಸುವುದಿಲ್ಲ. ತೇವ ಹೀರುವಾಗ ಶಾಖ ಹೊರಬೀಳುತ್ತದೆ, ತೇವ ಆರುವಾಗ ಶಾಖ ಒಳಹೋಗುತ್ತದೆ. ಇಬ್ಬನಿ ಬೀಳುವ ರಾತ್ರಿ ಬೆಚ್ಚಗೂ, ಬೆವರು ಆರುವ ಹಗಲು ತುಸು ತಂಪಾಗಿಯೂ ಇರುವುದು ಇದರಿಂದ.

2019ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಬೆವರಿದಾಗ ಎಳೆಗಳು ಒತ್ತಾಗಿ ಕೂಡಿ ಕಣ್ಣು ತೆರೆದುಕೊಳ್ಳುವ, ಒಣಗಿ ತಂಪಾದಾಗ ಹರಡಿ ಮುಚ್ಚಿಕೊಳ್ಳುವ ಬಟ್ಟೆಯೊಂದನ್ನು ತೋರಿಸಿದರು. ಮೈಯ ಶಾಖಕಿರಣಗಳು ಹೊರಹೋಗುವ ಪ್ರಮಾಣವನ್ನು ಅದು ಶೇ 35ರಷ್ಟು ಹಿಗ್ಗಿಸಿ ಕುಗ್ಗಿಸಬಲ್ಲದು. ಅದು ದೊಡ್ಡ ಸಾಧನೆ, ಅನುಮಾನವಿಲ್ಲ. ಅದನ್ನು ಓದಿ ಸಂತೋಷಪಡುವ ನಾವು ನಮ್ಮ ಉಣ್ಣೆಯನ್ನು ಏನು ಮಾಡುತ್ತಿದ್ದೇವೆ? ಕತ್ತರಿಸಿ ಎಸೆಯುತ್ತಿದ್ದೇವೆ. ಉಣ್ಣೆ ಕತ್ತರಿಸುವ ಕೂಲಿಗಿಂತ ಉಣ್ಣೆಯ ಬೆಲೆ ಕಡಿಮೆಯಾದ ಮೇಲೆ ದಖನ್ನಿನ ಎಷ್ಟೋ ಕುರಿಗಾಹಿಗಳು ಅದನ್ನು ಹೊಲದ ಬದುವಿನಲ್ಲಿ ಬಿಟ್ಟು ನಡೆಯುತ್ತಾರೆ. ಮಾಂಸದ ಬೆಲೆ ಏರಿದಂತೆ ಉಣ್ಣೆಯೇ ಇಲ್ಲದ, ಬರೀ ಕೂದಲಿನ ಕುರಿಗಳತ್ತ ಒಲವು ಹೊರಳಿದೆ. ರಾಯಚೂರು, ಗಂಗಾವತಿ ಕಡೆಯ ಕೆಂಗುರಿ ಅಂಥ ತಳಿ. ಯುರೋಪು, ನ್ಯೂಜಿಲೆಂಡುಗಳಲ್ಲಿ ಬಟ್ಟೆಗೆ ಬಾರದ ಒರಟು ಉಣ್ಣೆಯನ್ನು ಹಾಸುಗಳನ್ನಾಗಿ ಒತ್ತಿ, ಹುಳು ಹಿಡಿಯದಂತೆ ಬೋರಾನ್ ಲವಣದಲ್ಲಿ ಸಂಸ್ಕರಿಸಿ ಮನೆಯ ಗೋಡೆ, ಚಾವಣಿಗೆ ಹಾಕುತ್ತಾರೆ. ನಮ್ಮ ಕುರಿಗಾಹಿ ಬದುವಿನಲ್ಲಿ ಬಿಡುವ ಮಾಲು ಅದೇ.

ಗಂಗಾವತಿ, ಕಾರಟಗಿಗೆ ಬಂದರೆ ಕತೆ ಇನ್ನೂ ದೊಡ್ಡದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವಾದ ಸೀಮೆ ಇದು. ರೈಸ್ ಮಿಲ್ಲುಗಳ ಹಿಂದೆ ಹೊಟ್ಟಿನ ಗುಡ್ಡೆಗಳು. ನೂರು ಕಿಲೋ ಭತ್ತಕ್ಕೆ ಸುಮಾರು ಇಪ್ಪತ್ತು ಕಿಲೋ ಹೊಟ್ಟು ಬರುತ್ತದೆ. ಹೆಚ್ಚಿನದು ಬಾಯ್ಲರುಗಳಲ್ಲಿ ಉರಿದು ಬೂದಿಯಾಗುತ್ತದೆ. ಹೊಟ್ಟಿನ ತೂಕದ ಐದನೇ ಒಂದು ಭಾಗ ಬೂದಿ. ಚೆನ್ನಾಗಿ ಉರಿದ ಬೂದಿಯಲ್ಲಿ ಶೇ 85ಕ್ಕಿಂತ ಹೆಚ್ಚು ಸಿಲಿಕಾ. ಹೊಟ್ಟು ಬೇಗ ಕೊಳೆಯದಿರುವುದಕ್ಕೂ ಈ ಸಿಲಿಕಾವೇ ಕಾರಣ. ಒಣ ಹೊಟ್ಟು ಶಾಖವನ್ನು ಹಾದುಹೋಗಗೊಡುವುದು ಬಹಳ ಕಡಿಮೆ, ಕಾಂಕ್ರೀಟಿನ ಮೂವತ್ತರಲ್ಲಿ ಒಂದು ಪಾಲು.

ಬೂದಿಯ ಮಾತು ಇನ್ನೂ ಬೆರಗಿನದು. ಘನವಸ್ತುಗಳಲ್ಲಿ ಶಾಖ ತಡೆಯುವುದರಲ್ಲಿ ಎಲ್ಲಕ್ಕಿಂತ ಮುಂದಿರುವುದು ಸಿಲಿಕಾ ಏರೋಜೆಲ್. 1931ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಿಸ್ಟ್ಲರ್ ಮೊದಲು ತಯಾರಿಸಿದ, ಬಹುಪಾಲು ಗಾಳಿಯೇ ತುಂಬಿರುವ ಈ ಗಟ್ಟಿ ವಸ್ತುವನ್ನು ಇಂದು ಬಾಹ್ಯಾಕಾಶ ನೌಕೆಗಳಿಂದ ಹಿಡಿದು ಚಳಿ ದೇಶಗಳ ಬೂಟುಗಳವರೆಗೆ ಬಳಸುತ್ತಾರೆ. ಅದರ ಒಂದು ಕಚ್ಚಾವಸ್ತು ಸೋಡಿಯಂ ಸಿಲಿಕೇಟ್. ಭತ್ತದ ಹೊಟ್ಟಿನ ಬೂದಿಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಸಿಗುವುದೂ ಸೋಡಿಯಂ ಸಿಲಿಕೇಟೇ. ಪ್ರಯೋಗಾಲಯಗಳಲ್ಲಿ ಈ ಬೂದಿಯಿಂದ ಏರೋಜೆಲ್ ಮಾಡಿ ತೋರಿಸಿದ್ದಾಗಿದೆ. ಜೆಲ್ಲನ್ನು ಕುಗ್ಗದಂತೆ ಒಣಗಿಸುವ ಹಂತ ಮಾತ್ರ ಕಷ್ಟದ್ದು, ದುಬಾರಿಯದು. ಹಾಗಾಗಿ ನಾಳೆಯೇ ಕಾರಟಗಿಯಲ್ಲಿ ಏರೋಜೆಲ್ ಕಾರ್ಖಾನೆ ಏಳಲಿ ಎಂದು ನಾನು ಹೇಳುವುದಿಲ್ಲ. ಕಚ್ಚಾವಸ್ತು ಇಲ್ಲಿ ತಿಪ್ಪೆ ಸೇರುತ್ತಿದೆ ಎಂಬುದು ಇಲ್ಲಿನ ಎಂಜಿನಿಯರುಗಳಿಗೆ ಗೊತ್ತಿರಬೇಕು.

ಈಗ ಚಾವಣಿಗೆ ಬರೋಣ, ಅಂಕಿಯ ಸಮೇತ. ಕೇಂದ್ರ ಸರ್ಕಾರ 2018ರಲ್ಲಿ ಮನೆಗಳಿಗೆಂದು ‘ಇಕೋ ನಿವಾಸ್ ಸಂಹಿತಾ’ ಎಂಬ ಇಂಧನ ಸಂಹಿತೆ ತಂದಿತು. ಅದರ ಪ್ರಕಾರ ಚಾವಣಿಯ ಯು–ಮೌಲ್ಯ 1.2 ಮೀರಬಾರದು. ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಒಂದು ಚದರ ಮೀಟರಿನಲ್ಲಿ 1.2 ವಾಟ್‌ಗಿಂತ ಹೆಚ್ಚು ಶಾಖ ದಾಟಬಾರದು. ಬರಿಯ ಹತ್ತು ಸೆಂಟಿಮೀಟರ್ ಸ್ಲ್ಯಾಬಿನ ಅಂಕ ಸುಮಾರು 3.5. ಮಿತಿಯ ಮೂರುಪಟ್ಟು. ಅದನ್ನು 1.2ಕ್ಕೆ ಇಳಿಸಲು ಬೇಕಾದದ್ದು ಥರ್ಮೋಕೋಲ್ ಆದರೆ ಎರಡು ಸೆಂಟಿಮೀಟರ್, ಉಣ್ಣೆಯ ಹಾಸಾದರೆ ಎರಡಕ್ಕಿಂತ ತುಸು ಹೆಚ್ಚು, ಹೊಟ್ಟಿನ ಪದರವಾದರೆ ಮೂರು, ಏರೋಜೆಲ್ ಆದರೆ ಒಂದು ಸೆಂಟಿಮೀಟರಿಗೂ ಕಡಿಮೆ. ಇಷ್ಟೇ ದಪ್ಪ! ಕಟ್ಟುವಾಗಲೇ ಹಾಕಿದ್ದರೆ ಮನೆಯ ಒಟ್ಟು ಖರ್ಚಿನಲ್ಲಿ ಎದ್ದು ಕಾಣುವ ಬಾಬತ್ತಲ್ಲ ಅದು.

30 ಸೆಂಟಿಮೀಟರಿನ ಮಣ್ಣಿನ ಮಾಳಿಗೆಗೆ ಇದೇ ಲೆಕ್ಕ ಹಾಕಿದರೆ 1.6ರ ಸುತ್ತ ಬರುತ್ತದೆ. ಸಂಹಿತೆಯ ಈ ಒಂದು ಅಂಕದ ಮುಂದೆ ಮಾಳಿಗೆ ಅನುತ್ತೀರ್ಣ. ಆದರೂ ಅದರ ಕೆಳಗಿನ ತಂಪು ಸುಳ್ಳಲ್ಲ. ಯು–ಮೌಲ್ಯ ಹೇಳುವುದು ಶಾಖ ಎಷ್ಟು ದಾಟುತ್ತದೆ ಎಂಬುದನ್ನು, ಯಾವಾಗ ದಾಟುತ್ತದೆ ಎಂಬುದನ್ನಲ್ಲ. ರಾತ್ರಿ ತಂಪಾಗುವ ಒಣ ಸೀಮೆಯಲ್ಲಿ ‘ಯಾವಾಗ’ ಎಂಬುದಕ್ಕೆ ಬಹಳ ಬೆಲೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದ ಪರಂಪರೆ ಈ ಬಗೆಯ ಪ್ರಶ್ನೆಗಳನ್ನು ಗಂಭೀರವಾಗಿ ತೆಗೆದುಕೊಂಡಿತು. ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಒತ್ತುಮಣ್ಣಿನ ಇಟ್ಟಿಗೆಯನ್ನು ರಾಜ್ಯದ ತುಂಬ ಪರಿಚಯಿಸಿದರು. ಮಾಗಡಿ ಕಡೆಯ ಸುಗ್ಗನಹಳ್ಳಿಯಂಥ ಊರಿನಲ್ಲಿ ಹಳೆಯ ಮನೆ, ಹೊಸ ಮನೆಗಳ ಒಳಗಿನ ಬಿಸಿಯನ್ನು ಅಳೆದು ನೋಡಿದ್ದೂ ಅದೇ ಸಂಸ್ಥೆಯವರು. ಅಂಥ ಅಳತೆ ಕೊಪ್ಪಳ ಸೀಮೆಯ ಮಾಳಿಗೆಗೂ ಸ್ಲ್ಯಾಬಿಗೂ ಆಗಬೇಕು. ತಳಕಲ್ ಕಾಲೇಜಿನ ಹುಡುಗರು ನಾಲ್ಕು ಚಾವಣಿಗಳ ಕೆಳಗೆ ಒಂದೊಂದು ಉಷ್ಣಮಾಪಕ ತೂಗುಹಾಕಿ ಮಾರ್ಚಿನಿಂದ ಜೂನ್‌ವರೆಗೆ ತಾಸುತಾಸಿಗೆ ಬರೆದಿಟ್ಟರೆ ಸಾಕು, ಸರ್ಕಾರದ ಮುಂದಿಡಲು ದಾಖಲೆ ಸಿಕ್ಕಂತೆ.

ಹೊಂದಿಕೊಳ್ಳುವ ಹೊಸ ಸಾಮಗ್ರಿಗಳನ್ನು ಕೊಳ್ಳುವಾಗಲೂ ಇಲ್ಲಿನ ರಾತ್ರಿಯೇ ಅಳತೆಗೋಲಾಗಬೇಕು. ಯುರೋಪಿಗೆಂದು ಮಾಡಿದ ಮೇಣದ ಫಲಕ 22, 23 ಡಿಗ್ರಿಗೆ ಕರಗುತ್ತದೆ. ಮೇ ತಿಂಗಳಲ್ಲಿ ಕೊಪ್ಪಳದ ರಾತ್ರಿ 25 ಡಿಗ್ರಿಗಿಂತ ಕೆಳಗಿಳಿಯದ ದಿನಗಳು ಬೇಕಾದಷ್ಟು. ಕರಗಿದ ಮೇಣ ಬೆಳಗಿನೊಳಗೆ ಗಟ್ಟಿಯಾಗದಿದ್ದರೆ ಮರುದಿನ ಅದು ಬರೀ ಭಾರ. ಇಲ್ಲಿಗೆ 29, 30 ಡಿಗ್ರಿಯಲ್ಲಿ ಕರಗುವುದು ಬೇಕು, ಜೊತೆಗೆ ರಾತ್ರಿ ಕಿಟಕಿ ತೆರೆದು ಗಾಳಿ ಆಡಿಸಬೇಕು. 2021ರಲ್ಲಿ ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು ಬೇಸಿಗೆಯಲ್ಲಿ ಶಾಖವನ್ನು ಆಕಾಶಕ್ಕೆ ಬಿಟ್ಟು, ಚಳಿಗಾಲದಲ್ಲಿ ತಾನಾಗಿ ತಡೆದಿಡುವ ಚಾವಣಿ ಲೇಪನವನ್ನು ಪ್ರಕಟಿಸಿದರು. ಮನೆ ಬೆಚ್ಚಗಿಡಲು ಹಣ ಸುರಿಯುವ ದೇಶಕ್ಕೆ ಅದು ವರ. ಡಿಸೆಂಬರಿನಲ್ಲೂ ಒಂದು ಕೌದಿ ಹೊದ್ದರೆ ಚಳಿ ಕಳೆಯುವ ಈ ಸೀಮೆಗೆ ವರ್ಷವಿಡೀ ಬೆಳ್ಳಗಿರುವ ಚಾವಣಿ ಸಾಕು. ಹೊಸದಾಗಿ ಬಳಿದ ಸುಣ್ಣ ಬಿದ್ದ ಬಿಸಿಲಿನ ಮುಕ್ಕಾಲು ಪಾಲನ್ನು ಹಿಂದಕ್ಕೆ ಕಳಿಸುತ್ತದೆ.

ತೆಲಂಗಾಣ ಸರ್ಕಾರ 2023ರಲ್ಲಿ ಐದು ವರ್ಷಗಳ ಕೂಲ್ ರೂಫ್ ನೀತಿಯನ್ನೇ ಜಾರಿಗೆ ತಂದಿತು. ನಮ್ಮ ಗಡಿಯಾಚೆಯ ಅದೇ ಬಿಸಿಲಿಗೆ ಅವರು ಕೊಟ್ಟ ಉತ್ತರ ಅದು. ಇತ್ತ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಬಯಲುಸೀಮೆಯಲ್ಲಿ ಕೇಂದ್ರ ನಿಗದಿ ಮಾಡಿದ ನೆರವು 1.20 ಲಕ್ಷ ರೂಪಾಯಿ, ಕನಿಷ್ಠ ಅಳತೆ 25 ಚದರ ಮೀಟರ್. ಆ ಹಣದಲ್ಲಿ ಗೋಡೆ ಎದ್ದು ಚಾವಣಿ ಬೀಳುವುದೇ ಕಷ್ಟ, ಶಾಖನಿರೋಧಕದ ಮಾತೆಲ್ಲಿ? ಪತ್ರಾಸಿನಡಿ, ಬರಿ ಸ್ಲ್ಯಾಬಿನಡಿ ಇರುವವರ ಮನೆಗೆ ಎಸಿ ಬರುವುದಿಲ್ಲ. ಬಾಣಂತಿ, ಹಾಸಿಗೆ ಹಿಡಿದ ಮುದುಕ, ಪರೀಕ್ಷೆಗೆ ಓದುವ ಹುಡುಗಿ ಎಲ್ಲರೂ ಆ ಬಿಸಿಯಲ್ಲೇ ಇರಬೇಕು. ಕಲ್ಯಾಣ ಕರ್ನಾಟಕದ ವಸತಿ ಯೋಜನೆಗಳಲ್ಲಿ ಚಾವಣಿಯ ಶಾಖನಿರೋಧಕಕ್ಕೆಂದೇ ಪ್ರತ್ಯೇಕ ಮೊತ್ತ ಸೇರಲೇಬೇಕು. ವಸತಿನಿಲಯ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಅದು ಶುರುವಾಗಲಿ. ಬೇಡಿಕೆ ಸರ್ಕಾರದ ಕಡೆಯಿಂದ ಖಚಿತವಾದರೆ ಹೊಟ್ಟಿನ ಹಲಗೆ ಒತ್ತುವವರೂ ಉಣ್ಣೆಯ ಹಾಸು ಮಾಡುವವರೂ ಈ ಜಿಲ್ಲೆಯಲ್ಲೇ ಮುಂದೆ ಬರುತ್ತಾರೆ.

ಅದಕ್ಕೆ ಕಾಯಲಾಗದವರು ಈ ಬೇಸಿಗೆಗೆ ಮಾಡಬಹುದಾದದ್ದೂ ಇದೆ. ಯುಗಾದಿಗೆ ಗೋಡೆಗೆ ಸುಣ್ಣ ಹೊಡೆಯುವಾಗ ಸ್ಲ್ಯಾಬಿನ ಮೇಲೂ ಎರಡು ಕೈ ಹೊಡೆಯಿರಿ. ಧೂಳು ಕೂತರೆ ಬೆಳಕು ಹಿಂದಿರುಗುವುದು ಕಡಿಮೆಯಾಗುತ್ತದೆ, ವರ್ಷಕ್ಕೊಮ್ಮೆ ತೊಳೆದು ಮತ್ತೆ ಬಳಿಯಬೇಕು. ಪತ್ರಾಸಿನ ಮನೆಯವರು ಒಳಗಡೆ ಗೇಣು ಜಾಗ ಬಿಟ್ಟು ಚಾಪೆಯನ್ನೋ ಹಲಗೆಯನ್ನೋ ಎರಡನೇ ಚಾವಣಿಯಾಗಿ ಕಟ್ಟಿ, ಎರಡು ತುದಿಯಲ್ಲಿ ಗಾಳಿ ಹೋಗಿಬರಲು ಬಿಡಬೇಕು. ಒಲೆಯ ಕಿಡಿ ತಾಗದಷ್ಟು ದೂರವಿರಲಿ. ಹೊಸ ಸ್ಲ್ಯಾಬ್ ಹಾಕಿಸುವವರು ಮೇಸ್ತ್ರಿಯ ಜೊತೆ ಮೊದಲೇ ಮಾತಾಡಿ, ನೀರು ನಿಲ್ಲದಂತೆ ಇಳಿಜಾರು ತೆಗೆಸಿ, ವಾಟರ್‌ಪ್ರೂಫಿಂಗ್ ಮುಗಿದ ಮೇಲೆಯೇ ನಿರೋಧಕ ಪದರ ಹಾಸಿ, ಅದರ ಮೇಲೆ ಗಾರೆ ಅಥವಾ ಬಿಳಿ ಟೈಲ್ಸ್ ಕೂರಿಸಬೇಕು. ಹೊಟ್ಟಾಗಲಿ ಉಣ್ಣೆಯಾಗಲಿ ಚಾವಣಿಗೆ ಹಾಕುವುದಾದರೆ ಮಳೆನೀರು ಒಳನುಗ್ಗದಂತೆ ಸುತ್ತ ಮುಚ್ಚಿರಬೇಕು. ಎಳೆಗಳ ನಡುವಿನ ಗಾಳಿಯ ಜಾಗದಲ್ಲಿ ನೀರು ಕೂತರೆ ಶಾಖ ಅದರ ಮೂಲಕ ಇಪ್ಪತ್ತು ಪಟ್ಟು ಸಲೀಸಾಗಿ ಕೆಳಗಿಳಿಯುತ್ತದೆ.